47ಆರ್‌ಇ ಗಿಯರ್‌ಬಾಕ್ಸ್: ಕಡಿಮೆ ಖರ್ಚಿನ ರೀಬಿಲ್ಡ್ ಭಾರ ಎಳೆಯುತ್ತಾ?

ಎಳೆಯುತ್ತೆ. ಆದರೆ ದುಡ್ಡು ಎಲ್ಲಿ ಹಾಕಿದ್ದೀರಿ ಅನ್ನೋದರ ಮೇಲೆ ಎಲ್ಲ ನಿಂತಿದೆ. 47ಆರ್‌ಇ ಅಂದರೆ ಡಾಡ್ಜ್ ಪಿಕಪ್‌ಗಳಲ್ಲಿ ಬರುತ್ತಿದ್ದ ಆಟೋಮ್ಯಾಟಿಕ್ ಗಿಯರ್‌ಬಾಕ್ಸ್. ಗಿಯರ್‌ಬಾಕ್ಸ್ ಬಿಚ್ಚಿದ ತಕ್ಷಣ ಎಲ್ಲರೂ ಹೇಳೋದು ಗಟ್ಟಿ ಶಾಫ್ಟ್ ಹಾಕಿ, ಗಟ್ಟಿ ಡ್ರಮ್ ಹಾಕಿ ಅಂತ. ಟ್ರೇಲರ್ ಎಳೆಯುವ ಗಾಡಿಯಲ್ಲಿ ಶಾಫ್ಟ್ ಮುರಿಯುವುದು ಅಪರೂಪ. ಮೊದಲು ಕ್ಲಚ್ ಜಾರುತ್ತೆ, ಜಾರಿದಾಗ ಬಿಸಿ ಏರುತ್ತೆ, ಆ ಬಿಸಿ ಉಳಿದದ್ದನ್ನೆಲ್ಲ ತಿನ್ನುತ್ತೆ. ಹಾಗಾಗಿ ನನ್ನ ದುಡ್ಡಿನ ದೊಡ್ಡ ಪಾಲು ಟಾರ್ಕ್ ಕನ್ವರ್ಟರ್‌ಗೆ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗಿಯರ್‌ಬಾಕ್ಸ್‌ಗೆ ದಾಟಿಸುವ ಭಾಗ), ವಾಲ್ವ್ ಬಾಡಿಗೆ (ಎಣ್ಣೆಯ ಒತ್ತಡ ಹಂಚಿ ಗಿಯರ್ ಬದಲಿಸುವ ಭಾಗ) ಮತ್ತು ಕೂಲಿಂಗ್‌ಗೆ ಹೋಯಿತು. ಕೆಲವು ವರ್ಷ ಹೀಗೇ ಓಡಿಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು.

ಗಾಡಿ 1999ರ ಡಾಡ್ಜ್ ರ‍್ಯಾಮ್ 2500. 24 ವಾಲ್ವಿನ 5.9 ಲೀಟರ್ ಕಮಿನ್ಸ್ ಡೀಸೆಲ್, ಫೋರ್ ವೀಲ್ ಡ್ರೈವ್. ಹಿಂದೆ ಕಟ್ಟುವ ಟ್ರೇಲರ್ ತುಂಬಿದಾಗ ಸುಮಾರು 4 ಟನ್. ಎಂಜಿನ್ನಿಗೆ ಯಾವ ಚಿಪ್ಪೂ ಹಾಕಿಲ್ಲ, ದೊಡ್ಡ ಇಂಜೆಕ್ಟರೂ ಇಲ್ಲ. ಇದನ್ನು ನೆನಪಿಟ್ಟುಕೊಂಡು ಓದಿ. ಪವರ್ ಏರಿಸಿದ ಗಾಡಿಗೆ ಇಲ್ಲಿನ ಲೆಕ್ಕ ಹೊಂದುವುದಿಲ್ಲ.

ಆ ವರ್ಷಗಳಲ್ಲಿ ಇದೇ ಎಂಜಿನ್ ಮ್ಯಾನ್ಯುಯಲ್ ಗಿಯರ್‌ಬಾಕ್ಸ್ ಜೊತೆ ಬಂದರೆ 460 ಪೌಂಡ್-ಫುಟ್ ಟಾರ್ಕ್ ಕೊಡುತ್ತಿತ್ತು. ಆಟೋಮ್ಯಾಟಿಕ್ ಜೊತೆ ಬಂದರೆ 420. ಆಟೋಮ್ಯಾಟಿಕ್‌ಗೆ ಎಷ್ಟು ಭಾರ ಹೊರಿಸಬಹುದು ಅನ್ನೋ ಅಂದಾಜು ಈ ಎರಡು ಅಂಕಿಗಳಲ್ಲೇ ಸಿಗುತ್ತೆ, ಅಲ್ವಾ? 47ಆರ್‌ಇ ಹಳೆಯ 727 ಟಾರ್ಕ್‌ಫ್ಲೈಟ್ ವಂಶದ್ದು. ಮೂರು ಗಿಯರ್‌ನ ಹಳೇ ಪೆಟ್ಟಿಗೆಯ ಹಿಂದೆ ಒಂದು ಓವರ್‌ಡ್ರೈವ್ (ನಾಲ್ಕನೇ, ವೇಗದ ಗಿಯರ್) ಯೂನಿಟ್ ಜೋಡಿಸಿದ್ದಾರೆ. ಅನುಪಾತ 2.45, 1.45, 1.00 ಮತ್ತು 0.69. ಒಂದರಿಂದ ಎರಡಕ್ಕೆ ಬಿದ್ದಾಗ ಆರ್‌ಪಿಎಂ ತುಂಬಾ ಇಳಿಯುತ್ತೆ. ಭಾರ ಇದ್ದಾಗ ಎರಡನೇ ಗಿಯರ್‌ನ ಬ್ಯಾಂಡ್ (ಡ್ರಮ್ ಸುತ್ತ ಬಿಗಿದು ಹಿಡಿಯುವ ಪಟ್ಟಿ) ಮೇಲೆ ಹೊರೆ ಬೀಳುವುದು ಅಲ್ಲೇ.

ನನ್ನ ಹಳೇ ಪೆಟ್ಟಿಗೆ ಲಕ್ಷಾಂತರ ಕಿಲೋಮೀಟರ್ ಓಡಿ ಸವೆದಿತ್ತು. ಓವರ್‌ಡ್ರೈವ್‌ನಲ್ಲಿ ಏರು ಹತ್ತುವಾಗ ಕನ್ವರ್ಟರ್ ಲಾಕ್ ಆಗಿದ್ದರೂ (ಒಳಗಿನ ಲಾಕಪ್ ಕ್ಲಚ್ ಎಂಜಿನ್ನನ್ನೂ ಪೆಟ್ಟಿಗೆಯನ್ನೂ ನೇರವಾಗಿ ಜೋಡಿಸುವುದೇ ಲಾಕ್) ಆರ್‌ಪಿಎಂ ಮೇಲೇರುತ್ತಿತ್ತು, ಸ್ಪೀಡ್ ಮಾತ್ರ ಅಲ್ಲೇ. ಎಣ್ಣೆ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿತ್ತು. ಪ್ಯಾನ್ ಬಿಚ್ಚಿದರೆ ಮ್ಯಾಗ್ನೆಟ್ ಮೇಲೆ ದಪ್ಪ ಕಪ್ಪು ಪೇಸ್ಟ್. ಇನ್ನು ಎಣ್ಣೆ ಬದಲಿಸಿ ಸಾಗಹಾಕುವ ಹಂತ ದಾಟಿತ್ತು.

ರೆಡಿಮೇಡ್ ಪೆಟ್ಟಿಗೆ ಕೊಳ್ಳುವ ಬದಲು ಕೆಲಸ ಹಂಚಿಕೊಂಡೆವು. ಇಳಿಸುವುದು, ಏರಿಸುವುದು, ಮುಂದಿನ ಭಾಗ ಬಿಚ್ಚಿ ತೊಳೆಯುವುದು ನನ್ನ ಪಾಲು. ಓವರ್‌ಡ್ರೈವ್ ಭಾಗ, ಕ್ಲಿಯರೆನ್ಸ್ ನೋಡುವುದು, ಕೊನೆಯ ಜೋಡಣೆ ಒಬ್ಬ ಅನುಭವಿ ಮೆಕ್ಯಾನಿಕ್‌ಗೆ. ಓವರ್‌ಡ್ರೈವ್ ಒಳಗಿನ ಡೈರೆಕ್ಟ್ ಕ್ಲಚ್ ಸ್ಪ್ರಿಂಗ್ ಸುಮಾರು 800 ಪೌಂಡ್ ಬಲದಲ್ಲಿ ಒತ್ತಿಕೊಂಡಿರುತ್ತೆ. ಪ್ರೆಸ್ ಇಲ್ಲದೆ ಬಿಚ್ಚಿದರೆ ಕೈ ಹೋಗುತ್ತೆ. ಮನೆಯಲ್ಲಿ ಮಾಡಿ ಉಳಿಸುವ ದುಡ್ಡು ಇದಲ್ಲ. ಇಳಿಸುವುದಕ್ಕೂ ಟ್ರಾನ್ಸ್‌ಮಿಷನ್ ಜ್ಯಾಕ್ ಬಾಡಿಗೆಗೆ ತನ್ನಿ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಭಾಗ) ಮೊದಲು ಬೇರೆ ಮಾಡಿ, ಆಮೇಲೆ ಪೆಟ್ಟಿಗೆ.

ಈಗ ಒಂದೊಂದಾಗಿ.

ಟಾರ್ಕ್ ಕನ್ವರ್ಟರ್‌ಗೆ ಹೋದಷ್ಟು ದುಡ್ಡು ಬೇರೆ ಯಾವ ಪಾರ್ಟ್‌ಗೂ ಹೋಗಲಿಲ್ಲ, ಅದರಷ್ಟು ಲಾಭವೂ ಬೇರೆ ಯಾವುದೂ ಕೊಟ್ಟಿಲ್ಲ. ಲಾಕಪ್ ಕ್ಲಚ್‌ನಲ್ಲಿ ಮೂರು ಡಿಸ್ಕ್ ಇರುವ ಟ್ರಿಪಲ್ ಡಿಸ್ಕ್ ಬಿಟ್ಟೆ. ಒಂದೇ ಡಿಸ್ಕ್ ಇರುವ, ಒಳ್ಳೆಯ ಲೈನಿಂಗ್ ಹಾಕಿದ, ಮುಂದಿನ ಕವರ್ ದಪ್ಪ ಇರುವ, ಸ್ಟಾಲ್ (ಚಕ್ರ ನಿಂತಿದ್ದಾಗ ಎಂಜಿನ್ ಏರಬಲ್ಲ ಆರ್‌ಪಿಎಂ) ಕಡಿಮೆ ಇರುವ ಕನ್ವರ್ಟರ್ ತಗೊಂಡೆ. ಸ್ಟಾಕ್ ಟಾರ್ಕ್‌ಗೆ ಇದು ಸಾಕು. ಕಂಪನಿ ಕನ್ವರ್ಟರ್ ಕವರ್ ಒತ್ತಡ ಜಾಸ್ತಿಯಾದರೆ ಬಾಗುತ್ತೆ. ಬಾಗಿದರೆ ಲಾಕಪ್ ಕ್ಲಚ್ ಪೂರ್ತಿ ಅಗಲಕ್ಕೆ ಕೂರುವುದಿಲ್ಲ. ಅಲ್ಲಿಂದ ಜಾರಾಟ ಶುರು. ಡೀಸೆಲ್ ಎಂಜಿನ್ನಿನ ಬಲ 1600 ಆರ್‌ಪಿಎಂ ಹತ್ತಿರವೇ ಇರುತ್ತೆ. ಸ್ಟಾಲ್ ಕಡಿಮೆ ಇದ್ದರೆ ಆ ಬಲ ಎಣ್ಣೆ ಕಲಕುವುದರಲ್ಲಿ ಹಾಳಾಗದೆ ಚಕ್ರಕ್ಕೆ ಹೋಗುತ್ತೆ. ಲಾಕ್ ಆಗುವ ಮೊದಲೇ ಗಾಡಿ ಬಿಗಿಯಾಗಿ ಎಳೆಯುವುದು ಗೊತ್ತಾಗುತ್ತೆ.

ಇದಕ್ಕೊಂದು ಬೆಲೆಯೂ ಇದೆ. ಸಿಗ್ನಲ್‌ನಲ್ಲಿ ಡ್ರೈವ್‌ನಲ್ಲಿ ನಿಂತರೆ ಗಾಡಿ ಮುಂದೆ ಹೋಗಲು ತಹತಹಿಸುತ್ತೆ. ಬ್ರೇಕ್ ಗಟ್ಟಿಯಾಗಿ ಒತ್ತಿಕೊಂಡೇ ಇರಬೇಕು. ನಿಂತಲ್ಲಿಂದ ಹೊರಡುವಾಗ ಟರ್ಬೊ ಎದ್ದೇಳುವುದು ಒಂದು ಕ್ಷಣ ತಡ, ಹೊಗೆಯೂ ಸ್ವಲ್ಪ ಜಾಸ್ತಿ. ಊರೊಳಗೆ ಖಾಲಿ ಗಾಡಿ ಓಡಿಸುವವರಿಗೆ ಇದು ಕಿರಿಕಿರಿ. ನನಗೆ ಈಗ ರೂಢಿಯಾಗಿದೆ, ಇಷ್ಟವಾಗಿದೆ ಅಂತ ಹೇಳಲಾರೆ.

ಇನ್ನು ವಾಲ್ವ್ ಬಾಡಿ. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ದುಡ್ಡಿಗೆ ತಕ್ಕ ಲಾಭ ಇಲ್ಲೇ ಜಾಸ್ತಿ. 47ಆರ್‌ಇಯಲ್ಲಿ ಎಣ್ಣೆಯ ಒತ್ತಡ ಎಷ್ಟಿರಬೇಕು ಅನ್ನುವುದನ್ನು ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಹೇಳುತ್ತೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಎಳೆಯುತ್ತೆ, ಒತ್ತಡ ಏರುತ್ತೆ. ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ 1000 ಆರ್‌ಪಿಎಂನಲ್ಲಿ ಕಾಲು ತೆಗೆದಾಗ 54ರಿಂದ 60 ಪಿಎಸ್‌ಐ, ಕೇಬಲ್ ಕಟ್ಟಿರುವ ಲಿವರ್ ಪೂರ್ತಿ ಎಳೆದಾಗ 90ರಿಂದ 96. ಹಗುರ ಗಾಡಿಗೆ ಇದು ನುಣುಪಾದ ಶಿಫ್ಟ್ ಕೊಡುತ್ತೆ. 4 ಟನ್ ಹಿಂದಿದ್ದಾಗ ಇದೇ ನುಣುಪು ಕ್ಲಚ್ ಸವೆತಕ್ಕೆ ಕಾರಣ. ಒಂದು ಗಿಯರ್‌ನಿಂದ ಇನ್ನೊಂದಕ್ಕೆ ಮೆಲ್ಲಗೆ ಹೋಗುವುದು ಅಂದರೆ ಅಷ್ಟು ಹೊತ್ತು ಪ್ಲೇಟ್‌ಗಳು ಉಜ್ಜಿಕೊಳ್ಳುತ್ತಿವೆ ಅಂತ ಅರ್ಥ.

ಕಾಲು ತೆಗೆದಾಗಿನ ಕಡಿಮೆ ಒತ್ತಡ ಇನ್ನೊಂದು ಕಡೆ ಕಾಡುತ್ತೆ. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಕಟ್ಟಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕ್) ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ಎಂಜಿನ್ ಹಿಡಿದು ನಿಲ್ಲಿಸಬೇಕಾದರೆ ಕನ್ವರ್ಟರ್ ಲಾಕ್ ಆಗಿರಬೇಕು. ಆದರೆ ಕಾಲು ತೆಗೆದ ತಕ್ಷಣ ಲಾಕ್ ಬಿಡುತ್ತೆ. ಬೇರೆ ಸ್ವಿಚ್ ಹಾಕಿ ಬಲವಂತವಾಗಿ ಲಾಕ್ ಮಾಡಿದರೂ ಟಿವಿ ಕೇಬಲ್ ಸಡಿಲ ಇರುವುದರಿಂದ ಒತ್ತಡ ಸಾಲದು, ಲಾಕಪ್ ಕ್ಲಚ್ ಜಾರುತ್ತೆ. ಸ್ಟಾಕ್ ವಾಲ್ವ್ ಬಾಡಿ ಮೇಲೆ ಎಕ್ಸಾಸ್ಟ್ ಬ್ರೇಕ್ ಹಾಕಿ ಕನ್ವರ್ಟರ್ ಸುಟ್ಟುಕೊಳ್ಳುವುದು ಹೀಗೆ. ಮೊದಲು ಕನಿಷ್ಠ ಒತ್ತಡ ಏರಿಸಿ, ಆಮೇಲೆ ಬ್ರೇಕ್. ಈ ಕ್ರಮ ತಪ್ಪಿಸಬೇಡಿ.

ನಾನು ಪೂರ್ತಿ ಹೊಸ ವಾಲ್ವ್ ಬಾಡಿ ಕೊಳ್ಳಲಿಲ್ಲ. ಇದ್ದದ್ದಕ್ಕೇ ಟ್ರಾನ್ಸ್‌ಗೋ ಶಿಫ್ಟ್ ಕಿಟ್ ಹಾಕಿಸಿದೆ. ಸ್ಪ್ರಿಂಗ್‌ಗಳು, ಕೆಲವು ವಾಲ್ವ್, ಪ್ಲೇಟ್‌ನಲ್ಲಿ ತೂತು ದೊಡ್ಡದು ಮಾಡುವ ಕೆಲಸ. ಜೊತೆಗೆ ವೇಗಕ್ಕೆ ತಕ್ಕಂತೆ ಗಿಯರ್ ಬದಲಿಸಲು ಬೇಕಾದ ಗವರ್ನರ್ ಪ್ರೆಶರ್ ಸೊಲೆನಾಯ್ಡ್ ಮತ್ತು ಸೆನ್ಸರ್ ಎರಡೂ ಹೊಸದು. ಪೆಟ್ಟಿಗೆ ಹೊರಗಿರುವಾಗ ಹಳೇ ಸೆನ್ಸರ್ ಉಳಿಸಿಕೊಳ್ಳುವುದು ಜಿಪುಣತನ, ಉಳಿತಾಯ ಅಲ್ಲ. ಈಗ ಶಿಫ್ಟ್ ಗಟ್ಟಿಯಾಗಿದೆ. ಖಾಲಿ ಗಾಡಿಯಲ್ಲಿ ಒಂದರಿಂದ ಎರಡಕ್ಕೆ ಬೀಳುವಾಗ ಪಕ್ಕದಲ್ಲಿ ಕೂತವರು ತಿರುಗಿ ನೋಡುತ್ತಾರೆ. ಟ್ರೇಲರ್ ಕಟ್ಟಿದಾಗ ಅದೇ ಶಿಫ್ಟ್ ಸರಿಯಾಗಿ ಇದೆ ಅನ್ನಿಸುತ್ತೆ.

ಟಿವಿ ಕೇಬಲ್ ಸರಿಹೊಂದಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ. ಥ್ರಾಟಲ್ ಅಲುಗಿದ ಕೂಡಲೇ ಪೆಟ್ಟಿಗೆಯ ಲಿವರ್ ಕೂಡ ಅಲುಗಬೇಕು. ಮಧ್ಯೆ ಸಡಿಲ ಇರಬಾರದು. ಇಡೀ ರೀಬಿಲ್ಡ್ ಚೆನ್ನಾಗಿ ಮಾಡಿ ಈ ಕೇಬಲ್ ಸಡಿಲ ಬಿಟ್ಟರೆ ಹೊಸ ಕ್ಲಚ್‌ಗಳೂ ಬೇಗ ಸುಡುತ್ತವೆ.

ಕ್ಲಚ್ ಪ್ಲೇಟ್, ಸೀಲ್, ಬುಶ್ ಎಲ್ಲ ಒಳ್ಳೆ ಗುಣಮಟ್ಟದ ಮಾಮೂಲಿ ಕಿಟ್. ಎರಡನೇ ಗಿಯರ್‌ನ ಬ್ಯಾಂಡ್‌ಗೆ ಮಾತ್ರ ಬಾಗದ ಗಟ್ಟಿ ಸ್ಟ್ರಟ್ (ಬ್ಯಾಂಡ್ ಅನ್ನು ಒತ್ತುವ ಕಡ್ಡಿ) ಹಾಕಿಸಿದೆ. ಚಿಕ್ಕ ಪಾರ್ಟ್, ಖರ್ಚು ತೀರಾ ಕಡಿಮೆ. ಒತ್ತಡ ಏರಿಸಿದ ಮೇಲೆ ಹಳೇ ಸ್ಟ್ರಟ್ ನಂಬಬಾರದು. ಇನ್‌ಪುಟ್ ಶಾಫ್ಟ್ ಹಳೆಯದೇ. ಬಿರುಕು ಇದೆಯಾ ಅಂತ ನೋಡಿಸಿ ಮತ್ತೆ ಹಾಕಿದ್ದು. ಇವತ್ತಿಗೂ ಅದೇ ಓಡುತ್ತಿದೆ. ಜೋಡಿಸಿದ ಮೇಲೆ ಪ್ರತಿ ಕ್ಲಚ್‌ಗೂ ಗಾಳಿ ಬಿಟ್ಟು ಪರೀಕ್ಷೆ ಮಾಡುವುದನ್ನು ಎದುರಿಗೇ ನಿಂತು ನೋಡಿ. ಪಿಸ್ಟನ್ ಟಪ್ ಅಂತ ಕೂರಬೇಕು, ಗಾಳಿ ಸುಯ್ಯನೆ ಸೋರಬಾರದು. ಮಾಡಲ್ಲ ಅನ್ನುವ ಮೆಕ್ಯಾನಿಕ್ ಇದ್ದರೆ ಬೇರೆಯವರನ್ನು ಹುಡುಕಿ.

ಕೂಲಿಂಗ್‌ನಲ್ಲಿ ಹೆಚ್ಚಿನವರು ಮರೆಯುವುದು ಎಂಜಿನ್ ಪಕ್ಕ ಕೂತಿರುವ ಹೀಟ್ ಎಕ್ಸ್‌ಚೇಂಜರ್. ಕಮಿನ್ಸ್ ಗಾಡಿಗಳಲ್ಲಿ ಮುಂದಿನ ಕೂಲರ್ ಅಲ್ಲದೆ ಇದೂ ಒಂದಿದೆ. ಹಳೇ ಕ್ಲಚ್‌ನ ಪುಡಿ ಅದರೊಳಗೆ ಸೇರಿಕೊಂಡರೆ ಎಷ್ಟು ಫ್ಲಶ್ ಮಾಡಿದರೂ ಪೂರ್ತಿ ಬರುವುದಿಲ್ಲ. ಹೊಸ ಪೆಟ್ಟಿಗೆ ಓಡಲು ಶುರುವಾದ ಮೇಲೆ ಒಂದೊಂದೇ ಚೂರು ಬಂದು ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಳ್ಳುತ್ತೆ. ಹೊಸದು ಹಾಕಿದೆ. ಮುಂದಿನ ಕೂಲರ್ ಬಿಚ್ಚಿ ತೊಳೆದು ಹಳೆಯದನ್ನೇ ಇಟ್ಟುಕೊಂಡೆ. ಲೈನ್‌ನಲ್ಲಿರುವ ಚೆಕ್ ವಾಲ್ವ್ ಕಟ್ಟಿಕೊಂಡಿದೆಯಾ ಅಂತಲೂ ನೋಡಿಸಿ.

ಡ್ರೇನ್ ಪ್ಲಗ್ ಇರುವ ಆಳದ ಪ್ಯಾನ್‌ಗೆ ನನ್ನ ಮೆಚ್ಚುಗೆ ಅರ್ಧ ಮಾತ್ರ. ಎಣ್ಣೆ ಸ್ವಲ್ಪ ಜಾಸ್ತಿ ಹಿಡಿಯುತ್ತೆ, ಬಿಸಿ ಏರುವುದು ತಡವಾಗುತ್ತೆ, ಅಷ್ಟೇ. ಏರಿದ ಬಿಸಿಯನ್ನು ಅದು ಇಳಿಸುವುದಿಲ್ಲ. ಆದರೆ ಡ್ರೇನ್ ಪ್ಲಗ್ ಒಂದಕ್ಕಾಗಿಯೇ ಕೊಂಡರೂ ಬೇಜಾರಿಲ್ಲ. ಸ್ಟಾಕ್ ಪ್ಯಾನ್ ಬಿಚ್ಚಿ ತಲೆ ಮೇಲೆ ಎಣ್ಣೆ ಸುರಿಸಿಕೊಂಡವರಿಗೆ ಗೊತ್ತು.

ತಾಪಮಾನದ ಗೇಜ್ ಕಡ್ಡಾಯ. ಎರಡು ಕಡೆ ಅಳೆಯಬಹುದು. ಪ್ಯಾನ್‌ನಲ್ಲಿ ಹಾಕಿದರೆ ಒಟ್ಟು ಎಣ್ಣೆಯ ಬಿಸಿ ಗೊತ್ತಾಗುತ್ತೆ, ಮುಳ್ಳು ನಿಧಾನವಾಗಿ ಏರುತ್ತೆ. ಕನ್ವರ್ಟರ್‌ನಿಂದ ಹೊರಬರುವ ಲೈನ್‌ನಲ್ಲಿ ಹಾಕಿದರೆ ಲಾಕ್ ಬಿಟ್ಟ ಕ್ಷಣವೇ ಮುಳ್ಳು ಜಿಗಿಯುತ್ತೆ, ನೋಡಿದವರ ಎದೆ ಧಸಕ್ಕೆನ್ನುತ್ತೆ. ನನ್ನದು ಪ್ಯಾನ್‌ನಲ್ಲಿದೆ. ಸಮತಟ್ಟು ರಸ್ತೆಯಲ್ಲಿ ಟ್ರೇಲರ್ ಇದ್ದರೂ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉದ್ದನೆಯ ಏರಿನಲ್ಲಿ 95ಕ್ಕೆ ಹೋಗುತ್ತೆ. 105 ದಾಟಿದರೆ ನಾನು ವೇಗ ತಗ್ಗಿಸುತ್ತೇನೆ, 120ರ ಹತ್ತಿರ ಬಂದರೆ ನಿಲ್ಲಿಸುವುದೇ ಸರಿ. ಅಲ್ಲಿಂದಾಚೆ ಎಣ್ಣೆ ಸುಟ್ಟು ವಾರ್ನಿಶ್ ಆಗುತ್ತೆ, ಸೀಲ್‌ಗಳು ಗಟ್ಟಿಯಾಗುತ್ತವೆ.

ಹೆಚ್ಚು ಬಿಸಿ ಬರುವುದು ಹೈವೇ ಏರಿನಲ್ಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಟ್ರೇಲರ್ ಅನ್ನು ಏರಿನಲ್ಲಿ ರಿವರ್ಸ್ ಹಾಕುವಾಗ ಅದಕ್ಕಿಂತ ಬೇಗ ಏರುತ್ತೆ. ರಿವರ್ಸ್‌ನಲ್ಲಿ ಲಾಕಪ್ ಇಲ್ಲ, ಗಾಳಿ ಇಲ್ಲ, ಬಲದ ದೊಡ್ಡ ಪಾಲು ಕನ್ವರ್ಟರ್ ಒಳಗೇ ಬಿಸಿಯಾಗುತ್ತೆ. ಮಣ್ಣು ಅಥವಾ ಜಲ್ಲಿ ನೆಲವಾದರೆ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನ ಗಿಯರ್) ಹಾಕಿ. ಟ್ರಾನ್ಸ್‌ಫರ್ ಕೇಸ್‌ನ 2.72 ಅನುಪಾತ ಅರ್ಧಕ್ಕಿಂತ ಹೆಚ್ಚು ಹೊರೆ ಇಳಿಸುತ್ತೆ. ಒಣ ಟಾರು ರಸ್ತೆಯಲ್ಲಿ ಪೂರ್ತಿ ತಿರುಗಿಸಿ ಹೀಗೆ ಮಾಡಬೇಡಿ, ಆಕ್ಸಲ್‌ಗಳು ಬಿಗಿದುಕೊಳ್ಳುತ್ತವೆ.

ಏರು ಬಂದಾಗ ಓವರ್‌ಡ್ರೈವ್ ಆಫ್ ಬಟನ್ ಒತ್ತಿ. ಮೂರನೇ ಗಿಯರ್‌ನಲ್ಲೂ ಕನ್ವರ್ಟರ್ ಲಾಕ್ ಆಗುತ್ತೆ. ನಾಲ್ಕು, ಮೂರು, ಮತ್ತೆ ನಾಲ್ಕು ಅಂತ ಒದ್ದಾಡುವುದಕ್ಕಿಂತ ಮೂರರಲ್ಲಿ ಲಾಕ್ ಆಗಿ 2000ಕ್ಕಿಂತ ಸ್ವಲ್ಪ ಮೇಲೆ ಹತ್ತುವುದು ಪೆಟ್ಟಿಗೆಗೂ ಒಳ್ಳೆಯದು, ಎಂಜಿನ್ನಿಗೂ ತಂಪು. ಡೀಸೆಲ್ ಸ್ವಲ್ಪ ಜಾಸ್ತಿ ಕುಡಿಯುತ್ತೆ, ಪರವಾಗಿಲ್ಲ.

ಮಧ್ಯೆ ಒಂದು ತೊಂದರೆ ಬಂತು. ಸಮತಟ್ಟಿನಲ್ಲಿ ಹೋಗುವಾಗ ಕನ್ವರ್ಟರ್ ಸುಮ್ನೆ ಲಾಕ್ ಆಗುವುದು, ಬಿಡುವುದು, ಮತ್ತೆ ಲಾಕ್ ಆಗುವುದು. ಇಂಥದ್ದಾದರೆ ಪೆಟ್ಟಿಗೆ ಬಿಚ್ಚುವ ಮೊದಲು ಆಲ್ಟರ್ನೇಟರ್ ನೋಡಿ. ಒಳಗಿನ ಡಯೋಡ್ ಹಾಳಾದರೆ ಎಸಿ ಕರೆಂಟ್ ವೈರಿಂಗ್‌ಗೆ ಸೋರಿ ಪೆಡಲ್ ಸೆನ್ಸರ್‌ನ ಸಿಗ್ನಲ್ ಕೆಡಿಸುತ್ತೆ. ಕಾಲು ಅಲುಗಿದೆ ಅಂತ ಕಂಪ್ಯೂಟರ್ ತಪ್ಪು ತಿಳಿಯುತ್ತೆ. ಮಲ್ಟಿಮೀಟರ್ ಅನ್ನು ಎಸಿಗೆ ಇಟ್ಟು ಎಂಜಿನ್ ಓಡುವಾಗ ಬ್ಯಾಟರಿ ಮೇಲೆ ಅಳೆದರೆ 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ನನ್ನದರಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ಆಲ್ಟರ್ನೇಟರ್ ಬದಲಿಸಿದ ದಿನವೇ ಲಾಕ್ ಆಟ ನಿಂತಿತು. ರೀಬಿಲ್ಡ್ ಕೆಟ್ಟಿದೆ ಅಂತ ಮತ್ತೊಮ್ಮೆ ಬಿಚ್ಚಿಸಿದ್ದರೆ ಎಷ್ಟು ದಂಡ ಬೀಳುತ್ತಿತ್ತೋ.

ಎಣ್ಣೆ ಎಟಿಎಫ್+4 ಮಾತ್ರ. ಪ್ಯಾನ್ ಖಾಲಿ ಮಾಡಿದರೂ ಕನ್ವರ್ಟರ್ ಒಳಗಿನ ಎಣ್ಣೆ ಅಲ್ಲೇ ಉಳಿಯುತ್ತೆ. ಹಾಗಾಗಿ ಒಮ್ಮೆ ಬದಲಿಸಿದೆ, ಎಲ್ಲ ಹೊಸದು ಅಂದುಕೊಳ್ಳಬೇಡಿ. ಭಾರ ಎಳೆಯುವವರು ಬೇಗ ಬೇಗ ಬದಲಿಸಿ. ಪ್ರತಿ ಸಲ ಮ್ಯಾಗ್ನೆಟ್ ನೋಡುತ್ತೇನೆ. ತೆಳ್ಳನೆಯ ಬೂದು ಪುಡಿ ಬಿಟ್ಟರೆ ಇದುವರೆಗೆ ಬೇರೇನೂ ಸಿಕ್ಕಿಲ್ಲ.

ಅಂಕ ಕೊಡಬೇಕೆಂದರೆ ಕನ್ವರ್ಟರ್‌ಗೆ ಐದಕ್ಕೆ ನಾಲ್ಕು, ಶಿಫ್ಟ್ ಕಿಟ್‌ಗೆ ಐದು, ಆಳದ ಪ್ಯಾನ್‌ಗೆ ಮೂರು. ಮುಂದಿನ ಸಲ ದುಡ್ಡು ಉಳಿದರೆ ಶಾಫ್ಟ್‌ಗಿಂತ ಮೊದಲು ಫ್ಯಾನ್ ಇರುವ ಇನ್ನೊಂದು ಕೂಲರ್ ಹಾಕಿಸುತ್ತೇನೆ, ರಿವರ್ಸ್ ಹಾಕುವಾಗಿನ ಬಿಸಿಗೆ. ಹೊಸದಾಗಿ ಈ ಗಾಡಿ ಕೊಂಡವರಿಗೆ ಇನ್ನೊಂದು ವಿಷಯ: ಸ್ಟಾಕ್ ವಾಲ್ವ್ ಬಾಡಿ ಇದ್ದರೆ ಪಾರ್ಕ್‌ನಲ್ಲಿ ಕನ್ವರ್ಟರ್‌ಗೂ ಕೂಲರ್‌ಗೂ ಎಣ್ಣೆ ಹೋಗುವುದಿಲ್ಲ. ಏರು ಹತ್ತಿ ಬಿಸಿಯಾದ ಗಾಡಿ ನಿಲ್ಲಿಸಿದಾಗ ಪಾರ್ಕಿಂಗ್ ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಟ್ಟು, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಬಿಡಿ. ಎಣ್ಣೆ ಮಟ್ಟ ನೋಡುವುದೂ ಎಂಜಿನ್ ಬಿಸಿಯಾಗಿ ನ್ಯೂಟ್ರಲ್‌ನಲ್ಲಿ ಓಡುವಾಗಲೇ. ಪಾರ್ಕ್‌ನಲ್ಲಿ ನೋಡಿದರೆ ಡಿಪ್‌ಸ್ಟಿಕ್ ಜಾಸ್ತಿ ತೋರಿಸುತ್ತೆ, ನೀವು ಕಡಿಮೆ ಎಣ್ಣೆಯಲ್ಲಿ ಟ್ರೇಲರ್ ಕಟ್ಟಿಕೊಂಡು ಹೊರಡುತ್ತೀರಿ.