ಸ್ಟ್ಯಾಟ್‌ಕಂಪೈಲರ್: ಶೇಕಡಾವಾರು ಅಂಕಿಯ ಹಿಂದಿನ ಮನೆಬಾಗಿಲು

ಒಂದು ದೇಶದಲ್ಲಿ ಎಷ್ಟು ಮಕ್ಕಳಿಗೆ ದಡಾರದ ಲಸಿಕೆ ಸಿಕ್ಕಿದೆ, ಎಷ್ಟು ಮನೆಗಳಲ್ಲಿ ಶೌಚಾಲಯವಿದೆ, ಎಷ್ಟು ಹೆಣ್ಣುಮಕ್ಕಳಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದೆ ಎಂಬುದನ್ನು ತಿಳಿಯಬೇಕಾದಾಗ ನಾನು ಮೊದಲು ತೆರೆಯುವುದು ಸ್ಟ್ಯಾಟ್‌ಕಂಪೈಲರ್ ಎಂಬ ಉಚಿತ ಸೇವೆಯನ್ನು. ಇದು ಡಿಎಚ್‌ಎಸ್ ಎಂದು ಕರೆಯಲಾಗುವ ಜನಸಂಖ್ಯಾ ಮತ್ತು ಆರೋಗ್ಯ ಸಮೀಕ್ಷಾ ಕಾರ್ಯಕ್ರಮದ ಸಾಧನ. 1984ರಲ್ಲಿ ಆರಂಭವಾದ ಈ ಕಾರ್ಯಕ್ರಮದ ಅಡಿಯಲ್ಲಿ ಸುಮಾರು 90 ದೇಶಗಳಲ್ಲಿ 400ಕ್ಕೂ ಹೆಚ್ಚು ಸಮೀಕ್ಷೆಗಳು ನಡೆದಿವೆ. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದೇ ಬಳಗಕ್ಕೆ ಸೇರಿದ್ದು. ಹಲವು ವರ್ಷಗಳಿಂದ ಈ ಸೇವೆಯನ್ನು ಬಳಸುತ್ತಿರುವ ನಾನು ಅದರ ಗುಣವನ್ನೂ ಕೊರತೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಬಳಸುವ ಕ್ರಮ ಸರಳವಾಗಿದೆ. ದೇಶಗಳನ್ನು ಆರಿಸಿ, ಸೂಚಕವನ್ನು, ಅಂದರೆ ಅಳೆದ ವಿಷಯವನ್ನು, ಆರಿಸಿದರೆ ಕೋಷ್ಟಕ ಸಿದ್ಧವಾಗುತ್ತದೆ. ಬೇಕೆಂದರೆ ಅದನ್ನೇ ರೇಖಾಚಿತ್ರವಾಗಿಯೋ ನಕ್ಷೆಯಾಗಿಯೋ ನೋಡಬಹುದು, ಕಡತವಾಗಿ ಇಳಿಸಿಕೊಳ್ಳಬಹುದು. ನಗರ ಮತ್ತು ಗ್ರಾಮ, ತಾಯಿಯ ಶಿಕ್ಷಣ, ಮನೆಯ ಸ್ಥಿತಿವಂತಿಕೆ, ಪ್ರಾಂತ್ಯ ಎಂದು ಅಂಕಿಯನ್ನು ಬಿಡಿಸಿ ನೋಡುವ ಅವಕಾಶವೂ ಇದೆ. ಇಷ್ಟಕ್ಕೆ ನೋಂದಣಿ ಬೇಕಿಲ್ಲ. ಹತ್ತಾರು ದಪ್ಪ ವರದಿಗಳ ಪುಟ ತಿರುವಿ ಒಂದೊಂದೇ ಅಂಕಿಯನ್ನು ಬರೆದುಕೊಳ್ಳಬೇಕಾಗಿದ್ದ ಕೆಲಸವನ್ನು ಇದು ಕೆಲವೇ ನಿಮಿಷಗಳಿಗೆ ಇಳಿಸಿದೆ, ಮತ್ತು ಈ ಒಂದು ಕಾರಣಕ್ಕೇ ನಾನು ಇದನ್ನು ವಿದ್ಯಾರ್ಥಿಗಳಿಗೂ ಸಮುದಾಯದ ನಡುವೆ ಕೆಲಸ ಮಾಡುವವರಿಗೂ ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಅಂಕಿ ಇಷ್ಟು ಸುಲಭವಾಗಿ ಕೈಗೆ ಬಂದಾಗ ಅದು ಎಲ್ಲಿಂದ ಬಂತು ಎಂಬುದು ಮರೆಯುತ್ತದೆ. ಈ ಸಮೀಕ್ಷೆಗಳು ಎಲ್ಲರನ್ನೂ ಎಣಿಸುವ ಜನಗಣತಿಯಲ್ಲ. ಸಾಮಾನ್ಯವಾಗಿ ಇತ್ತೀಚಿನ ಜನಗಣತಿಯ ಎಣಿಕೆ ಪ್ರದೇಶಗಳ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು, ದೊಡ್ಡ ಪ್ರದೇಶಕ್ಕೆ ಹೆಚ್ಚು ಅವಕಾಶ ಸಿಗುವಂತೆ ಕೆಲವನ್ನು ಆರಿಸುತ್ತಾರೆ. ಅಂಥ ಪ್ರತಿಯೊಂದು ಪ್ರದೇಶವನ್ನು ಕ್ಲಸ್ಟರ್ ಎನ್ನುತ್ತಾರೆ. ನಂತರ ಅಲ್ಲಿನ ಮನೆಗಳನ್ನು ಹೊಸದಾಗಿ ಪಟ್ಟಿ ಮಾಡಿ, ಸಾಮಾನ್ಯವಾಗಿ 25ರಿಂದ 30 ಮನೆಗಳನ್ನು ನಿಗದಿತ ಅಂತರದಲ್ಲಿ ಆಯ್ದು, ಸಂದರ್ಶಕರು ಆ ಮನೆಗಳ ಬಾಗಿಲಿಗೆ ಹೋಗುತ್ತಾರೆ. ಮುಖ್ಯ ಸಂದರ್ಶನ ನಡೆಯುವುದು 15ರಿಂದ 49 ವರ್ಷದ ಮಹಿಳೆಯರೊಂದಿಗೆ. ಆಧಾರವಾದ ಜನಗಣತಿ ಹಳತಾಗಿದ್ದರೆ, ಆ ನಂತರ ಹುಟ್ಟಿಕೊಂಡ ಬಡಾವಣೆಗಳಿಗೆ ಮಾದರಿಯಲ್ಲಿ, ಅಂದರೆ ಹೀಗೆ ಆಯ್ದ ಮನೆಗಳಲ್ಲಿ, ಸಿಗಬೇಕಾದಷ್ಟು ಪಾಲು ಸಿಗುವುದಿಲ್ಲ. ಮನೆಯೇ ಇಲ್ಲದವರು, ಸೆರೆಮನೆಗಳಲ್ಲಿ, ಸೈನಿಕ ವಸತಿಗಳಲ್ಲಿ ಇರುವವರು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಆದ್ದರಿಂದ ಪರದೆಯ ಮೇಲೆ ಕಾಣುವ ಶೇಕಡಾವಾರನ್ನು ‘ಮನೆಗಳಲ್ಲಿ ವಾಸಿಸುವವರ ಪೈಕಿ’ ಎಂದು ಮನಸ್ಸಿನಲ್ಲೇ ಸೇರಿಸಿಕೊಂಡು ಓದಬೇಕು.

ನನಗೆ ಅತಿ ಮುಖ್ಯವೆನಿಸುವುದು ಛೇದದ ಪ್ರಶ್ನೆ, ಅಂದರೆ ನೂರಕ್ಕೆ ಇಷ್ಟು ಎನ್ನುವಾಗ ಆ ನೂರು ಯಾರು ಎಂಬುದು. ಸ್ಟ್ಯಾಟ್‌ಕಂಪೈಲರ್‌ನಲ್ಲಿ ಆಧುನಿಕ ಗರ್ಭನಿರೋಧಕಗಳ ಬಳಕೆಯನ್ನು ಹುಡುಕಿದರೆ ಎಲ್ಲ ಮಹಿಳೆಯರಿಗೆ ಒಂದು ಅಂಕಿ, ಪ್ರಸ್ತುತ ವಿವಾಹಿತರಾಗಿರುವ ಮಹಿಳೆಯರಿಗೆ ಇನ್ನೊಂದು ಅಂಕಿ ಸಿಗುತ್ತದೆ, ಮತ್ತು ಇವೆರಡರ ನಡುವೆ ದೊಡ್ಡ ಅಂತರವಿರಬಹುದು. ಒಂದು ದೇಶದ ಮೊದಲನೆಯ ಅಂಕಿಯನ್ನೂ ಇನ್ನೊಂದು ದೇಶದ ಎರಡನೆಯ ಅಂಕಿಯನ್ನೂ ಅಕ್ಕಪಕ್ಕ ಇಟ್ಟ ವರದಿಗಳನ್ನು ನಾನು ಕಂಡಿದ್ದೇನೆ. ಒಮ್ಮೆ ಅಂಥ ತಪ್ಪು ನನ್ನಿಂದಲೇ ಆಗಿ, ಸಿದ್ಧವಾಗಿದ್ದ ಟಿಪ್ಪಣಿಯನ್ನು ಹಿಂಪಡೆಯಬೇಕಾಯಿತು. ಎರಡು ಸೂಚಕಗಳ ಹೆಸರು ಪಟ್ಟಿಯಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುವುದರಿಂದ, ಪ್ರತಿ ಸೂಚಕದ ಜೊತೆಗಿರುವ ವ್ಯಾಖ್ಯೆಯನ್ನು ಓದದೆ ಮುಂದುವರಿಯಬಾರದು. ಲಸಿಕೆಯ ಅಂಕಿಯ ಪ್ರಸಿದ್ಧ ಛೇದ 12ರಿಂದ 23 ತಿಂಗಳ ಮಕ್ಕಳು. ಲಸಿಕೆ ಹಾಕಿಸಿದ್ದಕ್ಕೆ ಪುರಾವೆಯೆಂದರೆ, ಲಸಿಕೆಯ ಕಾರ್ಡ್ ಅಥವಾ ದಾಖಲೆ ಇದ್ದರೆ ಅದು, ಇಲ್ಲದಿದ್ದರೆ ತಾಯಿಯ ನೆನಪು. ಈ ಎರಡೂ ಒಂದೇ ಶೇಕಡಾವಾರಿನಲ್ಲಿ ಬೆರೆತಿರುತ್ತವೆ.

ಸಾಕ್ಷರತೆಯ ಅಂಕಿಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಜನಗಣತಿಯಲ್ಲಿ ಮನೆಯವರು ಯಾರೋ ಒಬ್ಬರು ಎಲ್ಲರ ಪರವಾಗಿ ‘ಓದಲು ಬರೆಯಲು ಬರುತ್ತದೆ’ ಎಂದು ಹೇಳಿದರೆ ಸಾಕಾಗಬಹುದು. ಡಿಎಚ್‌ಎಸ್‌ನಲ್ಲಿ ಉನ್ನತ ಶಿಕ್ಷಣ ಪಡೆದವರನ್ನು ಪರೀಕ್ಷಿಸದೆಯೇ ಸಾಕ್ಷರರೆಂದು ಗಣಿಸಿ, ಹೆಚ್ಚು ಓದದವರ ಕೈಗೆ ಒಂದು ಸರಳ ವಾಕ್ಯವಿರುವ ಕಾರ್ಡನ್ನು ಕೊಟ್ಟು ಓದಿಸುತ್ತಾರೆ. ವಾಕ್ಯದ ಒಂದು ಭಾಗವನ್ನು ಓದಿದರೂ ಅವರು ಸಾಕ್ಷರರೇ. ಒಂದೇ ಸಮುದಾಯದ ಬಗ್ಗೆ ಎರಡು ಮೂಲಗಳು ಎರಡು ಅಂಕಿ ಕೊಟ್ಟಾಗ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವ ಮೊದಲು, ಇಬ್ಬರೂ ಕೇಳಿದ ಪ್ರಶ್ನೆ ಒಂದೇ ಆಗಿತ್ತೇ ಎಂದು ನೋಡುವುದು ನ್ಯಾಯ.

ಸ್ಥಿತಿವಂತಿಕೆಯ ಐದು ಹಂತಗಳ ಬಗ್ಗೆಯೂ ಬಹಳ ತಪ್ಪು ತಿಳಿವಳಿಕೆಯಿದೆ. ಸಮೀಕ್ಷೆಯಲ್ಲಿ ಆದಾಯವನ್ನು ಕೇಳಿ ಈ ಹಂತಗಳನ್ನು ಮಾಡುವುದಿಲ್ಲ. ನೆಲ ಯಾವುದರಿಂದ ಆಗಿದೆ, ನೀರು ಎಲ್ಲಿಂದ ಬರುತ್ತದೆ, ಮನೆಯಲ್ಲಿ ಸೈಕಲ್, ಟಿವಿ, ಫೋನ್ ಇವೆಯೇ ಎಂಬಂಥ ಉತ್ತರಗಳಿಂದ ಪ್ರತಿ ಮನೆಗೆ ಒಂದು ಅಂಕವನ್ನು ಲೆಕ್ಕಹಾಕಿ, ಜನರನ್ನು ಆ ಕ್ರಮದಲ್ಲಿ ಐದು ಸಮಪಾಲು ಮಾಡುತ್ತಾರೆ. ಹಾಗಾಗಿ ಅತಿ ಬಡ ಹಂತದಲ್ಲಿ ಯಾವಾಗಲೂ ಸುಮಾರು ಶೇ. 20ರಷ್ಟು ಜನ ಇದ್ದೇ ಇರುತ್ತಾರೆ. ದೇಶ ಎಷ್ಟೇ ಮುಂದುವರಿದರೂ ಆ ಪಾಲು ಕರಗುವುದಿಲ್ಲ. ಒಂದು ದೇಶದ ಅತಿ ಬಡ ಹಂತದವರು ಇನ್ನೊಂದು ದೇಶದ ನಡುವಿನ ಹಂತದವರಿಗಿಂತ ಅನುಕೂಲಸ್ಥರಾಗಿರುವುದು ಸಾಧ್ಯ. ದೇಶದೊಳಗಿನ ಅಂತರ ಎಷ್ಟು ಎಂದು ಕೇಳಲು ಈ ಅಳತೆ ಅತ್ಯುತ್ತಮ. ದೇಶ ದೇಶಗಳ ಬಡವರನ್ನು ತೂಗಲು ಇದು ತಕ್ಕಡಿಯಲ್ಲ.

ಈ ಸೇವೆಯ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇರುವುದು ದಶಮಾಂಶದ ವಿಷಯದಲ್ಲಿ. ಪರದೆಯ ಮೇಲೆ 52.3 ಎಂದು ಕಂಡಾಗ ಓದುಗನ ಮನಸ್ಸಿನಲ್ಲಿ ಆ .3 ಕೂಡ ನಿಜವೆಂದೇ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡೋಣ. 400 ಮಹಿಳೆಯರನ್ನು ಚೀಟಿ ಎತ್ತಿದಂತೆ ಆರಿಸಿ ಕೇಳಿದಾಗ ಅರ್ಧದಷ್ಟು ಮಂದಿ ಹೌದು ಎಂದರೆ, ನಿಜವಾದ ಪ್ರಮಾಣ ಅದರ ಎರಡೂ ಬದಿಗೆ ಸುಮಾರು 5 ಶೇಕಡಾ ಅಂಶಗಳಷ್ಟು ಸರಿದಾಡಬಹುದು. ಆದರೆ ಇಲ್ಲಿ ಮನೆಗಳನ್ನು ಕ್ಲಸ್ಟರ್‌ಗಳಲ್ಲಿ ಗುಂಪಾಗಿ ಆಯ್ದಿರುತ್ತಾರೆ, ಮತ್ತು ಅಕ್ಕಪಕ್ಕದ ಮನೆಯವರು ಅನೇಕ ವಿಷಯಗಳಲ್ಲಿ ಒಂದೇ ಬಗೆಯವರಾಗಿರುತ್ತಾರೆ. ಇದರಿಂದ ಮಾದರಿ ದೋಷ, ಅಂದರೆ ಎಲ್ಲರ ಬದಲು ಕೆಲವರನ್ನಷ್ಟೇ ಕೇಳಿದ್ದರಿಂದ ಬರುವ ದೋಷ, ಒಂದೂವರೆ ಪಟ್ಟಾದರೆ ಅದೇ ಸರಿದಾಟ 7 ಅಂಶಗಳನ್ನು ದಾಟುತ್ತದೆ. ಒಂದು ಪ್ರಾಂತ್ಯದ ಅಂಕಿ ಐದು ವರ್ಷಗಳಲ್ಲಿ 50ರಿಂದ 54ಕ್ಕೆ ಏರಿತು ಎಂಬ ಸಂತೋಷದ ಸುದ್ದಿಯಲ್ಲಿ ಏರಿಕೆಯೇ ಇಲ್ಲದಿರಬಹುದು. ಡಿಎಚ್‌ಎಸ್ ವರದಿಗಳು ಈ ವಿಷಯದಲ್ಲಿ ಪ್ರಾಮಾಣಿಕವಾಗಿವೆ: 25ರಿಂದ 49 ಜನರ ಮೇಲೆ ನಿಂತ ಅಂಕಿಯನ್ನು ಆವರಣದೊಳಗೆ ಹಾಕುತ್ತವೆ, 25ಕ್ಕಿಂತ ಕಡಿಮೆಯಾದರೆ ಅಂಕಿಯ ಬದಲು ನಕ್ಷತ್ರ ಚಿಹ್ನೆಯನ್ನಷ್ಟೇ ಮುದ್ರಿಸುತ್ತವೆ, ಮುಖ್ಯ ಸೂಚಕಗಳ ಮಾದರಿ ದೋಷವನ್ನು ಅನುಬಂಧದಲ್ಲಿ ಕೊಡುತ್ತವೆ. ಸ್ಟ್ಯಾಟ್‌ಕಂಪೈಲರ್‌ನ ಬಣ್ಣದ ನಕ್ಷೆಯನ್ನು ನೋಡುವವನು ಆ ಅನುಬಂಧದವರೆಗೆ ಹೋಗುವುದು ಅಪರೂಪ. ದೋಷದ ವ್ಯಾಪ್ತಿ ಪ್ರತಿ ಅಂಕಿಯ ಪಕ್ಕದಲ್ಲೇ ಎದ್ದು ಕಾಣುವಂತೆ ಇರಬೇಕಿತ್ತು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಊರಿನ ಅಂಕಿ ಇದರಲ್ಲಿ ಸಿಗುತ್ತದೆಯೇ ಎಂದು ಕೇಳುವವರಿಗೆ ಉತ್ತರ ಇಲ್ಲ ಎಂದೇ. ಮಾದರಿಯನ್ನು ಸಾಮಾನ್ಯವಾಗಿ ದೇಶಕ್ಕೆ ಮತ್ತು ದೊಡ್ಡ ಪ್ರಾಂತ್ಯಗಳಿಗೆ ಹೊಂದುವಂತೆ ರೂಪಿಸಿರುತ್ತಾರೆ. 25 ಮನೆಗಳ ಉತ್ತರ ಒಂದು ಊರಿನ ಉತ್ತರವಾಗುವುದಿಲ್ಲ. ಸಂಶೋಧಕರಿಗೆ ಕೊಡುವ ಮೂಲ ದತ್ತಾಂಶದಲ್ಲಿಯೂ, ಉತ್ತರಿಸಿದವರ ಗುರುತು ಸಿಗದಿರಲೆಂದು ಕ್ಲಸ್ಟರ್‌ಗಳ ಸ್ಥಾನವನ್ನು ಬೇಕೆಂದೇ ನಗರದಲ್ಲಿ 2 ಕಿಲೋಮೀಟರ್‌ವರೆಗೆ, ಗ್ರಾಮದಲ್ಲಿ 5 ಕಿಲೋಮೀಟರ್‌ವರೆಗೆ ಸರಿಸಿರುತ್ತಾರೆ. ಗ್ರಾಮೀಣ ಕ್ಲಸ್ಟರ್‌ಗಳಲ್ಲಿ ಶೇ. 1ರಷ್ಟನ್ನು 10 ಕಿಲೋಮೀಟರ್‌ವರೆಗೂ ಸರಿಸುತ್ತಾರೆ. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ತನ್ನ ಮಗುವಿನ ಸಾವನ್ನು, ಮನೆಯೊಳಗಿನ ಹಿಂಸೆಯನ್ನು ಅಪರಿಚಿತಳೊಬ್ಬಳಿಗೆ ನಂಬಿ ಹೇಳಿದ ಹೆಣ್ಣುಮಗಳಿಗೆ ಸಲ್ಲಬೇಕಾದ ರಕ್ಷಣೆ ಅದು.

ಮಕ್ಕಳ ಮರಣದ ಅಂಕಿಯೂ ಬರುವುದು ಇದೇ ಬಗೆಯ ಮಾತುಕತೆಯಿಂದ. ತಾಯಂದಿರು ತಮ್ಮ ಎಲ್ಲ ಹೆರಿಗೆಗಳನ್ನು ಒಂದೊಂದಾಗಿ ನೆನಪಿಸಿಕೊಂಡು ಹೇಳಿದ ವಿವರದಿಂದ ಅದನ್ನು ಲೆಕ್ಕಹಾಕುತ್ತಾರೆ. ತೀರಿಕೊಂಡ ತಾಯಿಯ ಮಕ್ಕಳು ಅಲ್ಲಿ ಇರುವುದಿಲ್ಲ. ರಾಷ್ಟ್ರಮಟ್ಟದ ಮುಖ್ಯ ಅಂಕಿ ಸಮೀಕ್ಷೆಯ ವರ್ಷದ್ದಲ್ಲ, ಅದರ ಹಿಂದಿನ ಐದು ವರ್ಷಗಳದ್ದು. ಪ್ರಾಂತ್ಯಗಳಿಗೆ ಅನೇಕ ವೇಳೆ ಹತ್ತು ವರ್ಷಗಳ ಅವಧಿಯನ್ನು ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಆರಂಭವಾದ ಯೋಜನೆಯೊಂದರ ಫಲವನ್ನು ಈ ಅಂಕಿಯಲ್ಲಿ ಹುಡುಕುವುದು ವ್ಯರ್ಥ.

ಕಡೆಯದಾಗಿ ಒಂದು ಆತಂಕ. ಈ ಕಾರ್ಯಕ್ರಮಕ್ಕೆ ದಶಕಗಳ ಕಾಲ ಹಣ ಒದಗಿಸುತ್ತಿದ್ದ ಅಮೆರಿಕ ಸರ್ಕಾರ 2025ರ ಫೆಬ್ರವರಿಯಲ್ಲಿ ಆ ನೆರವನ್ನು ನಿಲ್ಲಿಸಿತು, ಮತ್ತು ನಡೆಯುತ್ತಿದ್ದ ಸಮೀಕ್ಷೆಗಳಿಗೆ ಅದರಿಂದ ಪೆಟ್ಟು ಬಿತ್ತು. ಕೋಷ್ಟಕ ತೆರೆದಾಗ ದೇಶದ ಹೆಸರಿನ ಪಕ್ಕದಲ್ಲಿರುವ ಸಮೀಕ್ಷೆಯ ವರ್ಷವನ್ನು ನಾನು ಈಗ ಶೇಕಡಾವಾರಿಗಿಂತ ಮೊದಲು ನೋಡುತ್ತೇನೆ, ಏಕೆಂದರೆ ಕೆಲವು ದೇಶಗಳಿಗೆ ಅಲ್ಲಿರುವ ಕೊನೆಯ ಅಂಕಿ ಹತ್ತು ವರ್ಷಕ್ಕೂ ಹಳೆಯದು.