‘ಹಂಸದ ಜೋಡಿ’ ಅಂದ ತಕ್ಷಣ ದುಡ್ಡು ತೆಗೆಯಬೇಡಿ

30/40 ಸೈಟಿನ ಮನೆ ಇದೆ, ಹಿಂದೆ ಸ್ವಲ್ಪ ಜಾಗ ಇದೆ, ಅಲ್ಲಿ ಒಂದು ಜೋಡಿ ಹೆಬ್ಬಾತು ಓಡಾಡಿಕೊಂಡಿದ್ದರೆ ಎಷ್ಟು ಚೆಂದ ಅಲ್ವಾ ಅಂತ ಯಾರಾದರೂ ಯೋಚನೆ ಮಾಡ್ತಾ ಇದ್ದರೆ, ಒಂದು ನಿಮಿಷ ತಡೆದು ಇದನ್ನು ಓದಿ. ನಾನು 14 ತಿಂಗಳು ಸಾಕಿದೆ. ಇಟ್ಟುಕೊಳ್ಳೋಕೂ ಆಗದೆ, ಬಿಡೋಕೂ ಆಗದೆ ಒದ್ದಾಡಿದ್ದೇನೆ.

ನಮ್ಮದು ಮೈಸೂರು. ಹಿತ್ತಲು ಅಂದರೆ 12 ಅಡಿಗೆ 18 ಅಡಿ, ಅದರಲ್ಲಿ ಅರ್ಧ ಸಿಮೆಂಟು. ಉಳಿದ ಮಣ್ಣಲ್ಲಿ ಅಮ್ಮನ ಬಸಳೆ, ದೊಡ್ಡಪತ್ರೆ, ಒಂದು ಕರಿಬೇವಿನ ಗಿಡ. ಒಂದು ಭಾನುವಾರ ಸಂತೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಂಕರಿಯೊಳಗೆ ಹಳದಿ ತುಪ್ಪಳದ ಮರಿಗಳು. ಮಾರುವವನು ಶುರು ಮಾಡಿದ: “ಹಂಸ ಸಾರ್, ಒರಿಜಿನಲ್ ಹಂಸ. ಮನೇಲಿದ್ರೆ ಲಕ್ಷ್ಮಿ ಬಂದಂಗೆ. ಒಂದು ಗಂಡು, ಒಂದು ಹೆಣ್ಣು, ಜೋಡಿಗೆ ಎರಡು ಸಾವಿರ.” ಚೌಕಾಸಿ ಮಾಡಿ 1,800ಕ್ಕೆ ಇಳಿಸಿ, ಏನೋ ಗೆದ್ದವನ ಹಾಗೆ ರಟ್ಟಿನ ಡಬ್ಬ ಹಿಡಿದು ಮನೆಗೆ ಬಂದೆ.

ಮೊದಲ ಮೋಸ ಹೆಸರಲ್ಲೇ ಇದೆ. ಸಂತೆಯಲ್ಲಿ ಹಂಸ ಅಂತ ಕೊಡೋದು ಹಂಸವೂ ಅಲ್ಲ, ಮಾಮೂಲಿ ಬಾತುಕೋಳಿಯೂ ಅಲ್ಲ. ಅದು ಹೆಬ್ಬಾತು. ನಾನು ತಂದದ್ದು ಚೀನಾ ತಳಿ. ಬೆಳೆದ ಮೇಲೆ ಕೊಕ್ಕಿನ ಬುಡದಲ್ಲಿ, ಹಣೆ ಮೇಲೆ ಕಿತ್ತಳೆ ಬಣ್ಣದ ಗುಬುಟು ಬರುತ್ತಲ್ಲ, ಅದೇ. ಯೂರೋಪಿನ ಎಂಬ್ಡೆನ್, ಟೂಲೂಸ್ ತಳಿಗಳಿಗಿಂತ ಮೈಯಲ್ಲಿ ಚಿಕ್ಕದು, ನಾಲ್ಕೈದು ಕೆಜಿ ತೂಗುತ್ತದೆ ಅಷ್ಟೇ. ಸಣ್ಣ ಜಾಗಕ್ಕೆ ಸರಿಹೋಗುತ್ತೆ ಅಂತ ಯಾರಿಗಾದರೂ ಅನ್ನಿಸುತ್ತೆ. ನನಗೂ ಅನ್ನಿಸಿತ್ತು. ಆದರೆ ಮೈ ಚಿಕ್ಕದಾದರೂ ಗಂಟಲು ದೊಡ್ಡದು. ಸಾಕುವ ಹೆಬ್ಬಾತುಗಳಲ್ಲೇ ಜಾಸ್ತಿ ಅರಚುವ ತಳಿ ಅದು. ತೋಟದ ಕಾವಲಿಗೆ ಇದನ್ನೇ ಬಿಡೋದು ಸುಮ್ನೆ ಅಲ್ಲ.

ಮರಿ ಇದ್ದಾಗ ಮಾಡಿದ ತಪ್ಪು ಒಂದಿದೆ, ಅದನ್ನು ಮೊದಲು ಹೇಳಿಬಿಡ್ತೀನಿ. “ನುಚ್ಚು, ಅನ್ನ ಹಾಕಿ ಸಾರ್, ಸಾಕು” ಅಂದಿದ್ದ. ಹಾಕಿದೆ. ಮೂರು ವಾರ ಆಗೋ ಹೊತ್ತಿಗೆ ಒಂದು ಮರಿ ನಡೆಯೋದು ಬಿಟ್ಟಿತು. ಕಾಲಿನ ಗೆಣ್ಣು ಊದಿಕೊಂಡು, ಅದರ ಮೇಲೇ ಕೂತುಕೊಂಡು, ತಟ್ಟೆ ಹತ್ತಿರ ಹೋಗಬೇಕಾದರೆ ರೆಕ್ಕೆ ಊರಿ ತೆವಳುತ್ತಿತ್ತು. ಪಶುವೈದ್ಯರು ನೋಡಿದ ತಕ್ಷಣ ಕೇಳಿದರು, “ಬರೀ ಅಕ್ಕಿ ಹಾಕ್ತಿದ್ದೀರಾ?” ಬಾತು, ಹೆಬ್ಬಾತಿನ ಮರಿಗಳಿಗೆ ನಯಾಸಿನ್, ಅಂದರೆ ಬಿ3 ವಿಟಮಿನ್, ಕೋಳಿಮರಿಗಿಂತ ಜಾಸ್ತಿ ಬೇಕಂತೆ. ಬರೀ ಅಕ್ಕಿಯಲ್ಲಿ ಅದು ಸಾಲಲ್ಲ. ಟಾನಿಕ್ ಕೊಟ್ಟರು, ಹಸಿ ಸೊಪ್ಪು, ಬಟಾಣಿ ಹಾಕಿ ಅಂದರು. ಮರಿ ಎದ್ದು ನಿಂತಿತು, ಆದರೆ ಕುಂಟು ಪೂರ್ತಿ ಹೋಗಲೇ ಇಲ್ಲ.

ಹೆಬ್ಬಾತು ಹುಲ್ಲು ಮೇಯುವ ಹಕ್ಕಿ. ಹಸುವಿನ ಹಾಗೆ ದಿನವಿಡೀ ಮೇಯಬೇಕು. ನಮ್ಮ ಹಿತ್ತಲಿನ ಹಸಿರು ಎರಡು ದಿನಕ್ಕೆ ಮುಗಿಯಿತು. ಅಮ್ಮನ ದೊಡ್ಡಪತ್ರೆಯನ್ನಾದರೂ ವಾಸನೆಗೆ ಬಿಡಬಹುದು ಅಂದುಕೊಂಡಿದ್ದೆ, ಅದರ ಬುಡವನ್ನೂ ಬಿಡಲಿಲ್ಲ. ಆಮೇಲೆ ದಿನಾ ಬೆಳಗ್ಗೆ ಸ್ಕೂಟರಲ್ಲಿ ಹೋಗಿ ಸೊಪ್ಪಿನ ಅಂಗಡಿಯವರು ಎಸೆಯೋ ಕೋಸಿನ ಎಲೆ, ಮೂಲಂಗಿ ಸೊಪ್ಪು ತರೋದೇ ಒಂದು ಕೆಲಸ. ತಿಂದದ್ದು ಬೇಗ ಹೊರಗೂ ಬರುತ್ತೆ. ಉತ್ಪ್ರೇಕ್ಷೆ ಅಲ್ಲ, ಹತ್ತು ಇಪ್ಪತ್ತು ನಿಮಿಷಕ್ಕೊಂದು ಸಲ ಹಸಿರು ಹಿಕ್ಕೆ. ಸಿಮೆಂಟಿನ ಮೇಲೆ ಒಣಗಿದರೆ ಪೊರಕೆಗೆ ಬರಲ್ಲ, ತೊಳೆಯಲೇಬೇಕು. ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳೋಕೆ ಅವಕ್ಕೆ ತಲೆ ಮುಳುಗುವಷ್ಟು ನೀರಾದರೂ ಬೇಕು ಅಂತ ಟಬ್ ಇಟ್ಟರೆ, ಒಂದು ಗಂಟೆಗೆ ಆ ನೀರು ಹೆಸರುಬೇಳೆ ಕಟ್ಟಿನ ಹಾಗೆ ಆಗುತ್ತಿತ್ತು. ನಲ್ಲಿ ದಿನ ಬಿಟ್ಟು ದಿನ ಬರುವ ಏರಿಯಾದಲ್ಲಿ ಇದನ್ನೆಲ್ಲ ಹೇಗೆ ನಿಭಾಯಿಸಿದೆ ಅಂತ ಕೇಳಬೇಡಿ. ಸಿಮೆಂಟಿನ ಮೇಲೇ ನಡೆದು ನಡೆದು ಅವುಗಳ ಅಂಗಾಲಲ್ಲಿ ಗಂಟು ಬೇರೆ ಆಯಿತು.

ಇನ್ನು ಸದ್ದು. ಹಾಲಿನವನು ಬಂದರೆ ಅರಚಾಟ, ಪಕ್ಕದ ಮನೆ ಕುಕ್ಕರ್ ಕೂಗಿದರೆ ಅರಚಾಟ, ರಾತ್ರಿ ಎರಡಕ್ಕೆ ಬೀದಿನಾಯಿ ಬೊಗಳಿದರೆ ಅದಕ್ಕೆ ಉತ್ತರ. ರೋಮ್ ನಗರವನ್ನು ಹೆಬ್ಬಾತುಗಳು ಕೂಗಿ ಎಚ್ಚರಿಸಿ ಉಳಿಸಿದವು ಅಂತ ಒಂದು ಹಳೇ ಕಥೆ ಇದೆ. ಅಲ್ಲಿ ಅಕ್ಕಪಕ್ಕದ ಮನೆಯವರು ಏನಂದರು ಅಂತ ಯಾರೂ ಬರೆದಿಟ್ಟಿಲ್ಲ ನೋಡಿ. ನಮ್ಮ ಪಕ್ಕದ ಮನೆ ಮೇಷ್ಟ್ರು ಬಲು ಮರ್ಯಾದಸ್ಥರು, ಎರಡು ತಿಂಗಳು ಏನೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಶಬ್ದ ಮಾಲಿನ್ಯದ ನಿಯಮವನ್ನು ಪ್ರಿಂಟ್ ತೆಗೆಸಿಕೊಂಡು ಬಂದರು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಅದರ ಕೆಳಗೆ ಪೆನ್ಸಿಲಲ್ಲಿ ಗೆರೆ ಎಳೆದಿದ್ದರು. “ಪೊಲೀಸಿನವರ ಹತ್ರ ಹೋಗೋ ಆಸೆ ನನಗಿಲ್ಲಪ್ಪ. ನಿದ್ದೆ ಮಾಡೋ ಆಸೆ ಇದೆ” ಅಂದರು. ನನಗೆ ತಲೆ ಎತ್ತೋಕಾಗಲಿಲ್ಲ.

ಇಷ್ಟನ್ನೂ ತಡೆದುಕೊಳ್ಳಬಹುದಿತ್ತೋ ಏನೋ. ನಿಜವಾದ ಹೊಡೆತ ಬಿದ್ದದ್ದು ‘ಜೋಡಿ’ಯಿಂದ. ಎಂಟು ತಿಂಗಳಾಯಿತು, ಒಂಬತ್ತಾಯಿತು, ಮೊಟ್ಟೆ ಇಲ್ಲ. ಎರಡರ ಹಣೆ ಮೇಲೂ ಒಂದೇ ಸಮ ದಪ್ಪ ಗುಬುಟು, ಎರಡರದ್ದೂ ಕೀರಲು ದನಿ. ಹೆಣ್ಣಿನ ಗುಬುಟು ಸಣ್ಣದು, ದನಿ ಸ್ವಲ್ಪ ಕೆಳಗೆ ಇರುತ್ತೆ ಅಂತ ನನಗೆ ಗೊತ್ತಾದದ್ದು ಆಮೇಲೆ. ವೈದ್ಯರು ಹಿಡಿದು ಬಾಲದ ಕೆಳಗೆ ನೋಡಿ ನಕ್ಕುಬಿಟ್ಟರು. ಎರಡೂ ಗಂಡು. ಮರಿಯಲ್ಲಿ ಹಾಗೆ ಹಿಡಿದು ನೋಡದೆ, ಬರೀ ಕಣ್ಣಲ್ಲಿ ಗಂಡೋ ಹೆಣ್ಣೋ ಹೇಳೋಕೆ ಆಗಲ್ಲ. ಮಂಕರಿಯಿಂದ ಎತ್ತಿ ಕೊಟ್ಟವನು ನೋಡಿರಲೂ ಇಲ್ಲ.

ಚಳಿ ಶುರುವಾದ ಮೇಲೆ ಆ ಎರಡೂ ಹಿತ್ತಲು ತಮ್ಮದು ಅಂತ ತೀರ್ಮಾನ ಮಾಡಿದವು. ಕತ್ತನ್ನು ನೆಲಕ್ಕೆ ಸಮ ಚಾಚಿ, ಬುಸ್ ಅನ್ನುತ್ತಾ ಬರುತ್ತಿದ್ದವು. ಕೈಯಲ್ಲಿ ಸಾಕಿದ ಗಂಡಿಗೆ ಮನುಷ್ಯರ ಭಯವೇ ಇರಲ್ಲ. ಅಮ್ಮ ಬಟ್ಟೆ ಒಣಗಿ ಹಾಕೋಕೆ ಕೊಡೆ ಹಿಡಿದು ಹೋಗುತ್ತಿದ್ದರು, ಬಿಸಿಲಿಗಲ್ಲ. ಒಂದು ದಿನ ಮಗಳು ಬಾಲ್ ತರೋಕೆ ಹೋದಳು. ಮೀನಖಂಡಕ್ಕೆ ಕಚ್ಚಿ ತಿರುಚಿತು, ಇನ್ನೊಂದು ರೆಕ್ಕೆಯಿಂದ ಬಡಿಯಿತು. ನೇರಳೆ ಹಣ್ಣಿನ ಬಣ್ಣದ ಗುರುತು ಎರಡು ವಾರ ಇತ್ತು. “ಅಪ್ಪಾ, ನಾನೇ ಅಲ್ವಾ ಅದಕ್ಕೆ ಟಾನಿಕ್ ಕುಡಿಸ್ತಿದ್ದದ್ದು?” ಅಂತ ಅತ್ತಳು. ಕಚ್ಚಿದ್ದು ಆ ಕುಂಟನೇ.

ಕೊಡೋಣ ಅಂದರೆ ತಗೊಳ್ಳುವವರಿಲ್ಲ. ಫೋನ್ ಮಾಡಿದವರೆಲ್ಲ ಕೆಜಿ ಲೆಕ್ಕದಲ್ಲಿ ಕೇಳಿದರು. ಇವು 15–20 ವರ್ಷ ಬದುಕುವ ಹಕ್ಕಿಗಳು, ಯೋಚನೆ ಮಾಡಿ. ರಾತ್ರೋರಾತ್ರಿ ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡು ಅಂದ ಒಬ್ಬ ಗೆಳೆಯ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಸಾಕಿದ ಹೆಬ್ಬಾತು ಮೈಭಾರಕ್ಕೆ ಸರಿಯಾಗಿ ಹಾರಲ್ಲ, ನಾಯಿ ಬಾಯಿಗೆ ಹೋಗುತ್ತೆ, ಕಾಡು ಹಕ್ಕಿಗಳಿಗೆ ಇದರ ರೋಗ ಅಂಟುತ್ತೆ. 2020ರ ಮಾರ್ಚಲ್ಲಿ ಇಲ್ಲೇ ಕುಂಬಾರಕೊಪ್ಪಲಲ್ಲಿ ಹಕ್ಕಿಜ್ವರ ಬಂದದ್ದು ಮರೆತಿಲ್ಲ ತಾನೇ? ಇನ್ನೊಬ್ಬ ಮಹಾನುಭಾವ ಇವನ್ನು ಕೊಟ್ಟು ‘ಪಟ್ಟೆ ತಲೆ’ ತಗೋ ಅಂದ. ಅದು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ವಲಸೆ ಬರುವ ಕಾಡು ಹೆಬ್ಬಾತು. ಮನೆಯಲ್ಲಿ ಇಟ್ಟುಕೊಂಡರೆ ಕೇಸು ಆಗುತ್ತೆ.

ಕೊನೆಗೆ ನಂಜನಗೂಡಿನ ಕಡೆ ಪರಿಚಯದವರ ತೆಂಗಿನ ತೋಟಕ್ಕೆ ಬಿಟ್ಟುಬಂದೆ. ಅಲ್ಲಿ ಹೊಂಡ ಇದೆ, ಎರಡು ಎಕರೆ ಹುಲ್ಲಿದೆ. ಅಷ್ಟು ಜಾಗ ಇದ್ದವರು ಧಾರಾಳವಾಗಿ ಸಾಕಿ. ಆದರೆ ಮರಿ ತರಬೇಡಿ. ಬೆಳೆದದ್ದನ್ನೇ ತನ್ನಿ, ಮೊಟ್ಟೆ ಇಟ್ಟಿರೋ ಹೆಣ್ಣನ್ನು ಮಾರುವವರ ಮನೆಗೇ ಹೋಗಿ ನೋಡಿ. ಅಂಗಾಲು ತಿರುಗಿಸಿ ನೋಡಿ, ಹತ್ತು ಹೆಜ್ಜೆ ನಡೆಸಿ, ಹತ್ತು ನಿಮಿಷ ನಿಂತು ಅದರ ದನಿ ಕೇಳಿ.

ಮೊನ್ನೆ ತರಕಾರಿಗೆ ಅಂತ ಅದೇ ಸಂತೆಗೆ ಹೋಗಿದ್ದೆ. ಅದೇ ಜಾಗ, ಅದೇ ಮಂಕರಿ. ಅವನಿಗೆ ನನ್ನ ಗುರುತು ಸಿಗಲಿಲ್ಲ. “ಬನ್ನಿ ಸಾರ್, ಹಂಸ. ಒಂದು ಗಂಡು, ಒಂದು ಹೆಣ್ಣು” ಅಂದ. ರೇಟು ಈಗ ಎರಡೂವರೆ ಸಾವಿರ.