ಹನುಮಂತನಗರದಲ್ಲಿ ಹೊಲಿಸಿದ ಟುಟು: ಐದು ತಿಂಗಳು ಉಟ್ಟ ಮೇಲೆ

ಮಗಳ ರಿಸೆಪ್ಷನ್ ಲೆಹಂಗಾದ ಒಳಗೆ, ಅದು ಉಬ್ಬಿ ನಿಲ್ಲಲಿ ಅಂತ ಹಾಕುವ ನೆಟ್ಟಿನ ಲಂಗ, ಒಂದು ಕ್ಯಾನ್‌ಕ್ಯಾನ್ ಇತ್ತು. ಚುಚ್ಚುತ್ತದೆ ಅಂತ ಅವಳು ಅದನ್ನು ಬಿಚ್ಚಿಸಿ, ಬೀರುವಿನ ಮೇಲೆ ಎಸೆದು, ಗಂಡನ ಮನೆಗೆ ಹೋದಳು. ಒಂದು ಭಾನುವಾರ ಧೂಳು ಹೊಡೆಯುವಾಗ ಅದು ನನ್ನ ತಲೆ ಮೇಲೆ ಬಿತ್ತು. ಸುಮ್ನೆ ಲೆಗಿಂಗ್ಸ್ ಮೇಲೆ ಏರಿಸಿಕೊಂಡೆ. ಹಾಗೇ ಮನೆ ಗುಡಿಸಿದೆ, ಒಣಗಿದ ಬಟ್ಟೆ ತಂದೆ, ಹಾಲಿನವನಿಗೆ ತಿಂಗಳ ದುಡ್ಡು ಕೊಟ್ಟೆ. ಹಾಲಿನವನು ದುಡ್ಡು ಎಣಿಸಿಕೊಂಡು ಹೋದ, ಒಂದು ಮಾತೂ ಆಡಲಿಲ್ಲ. ನನಗೆ ಧೈರ್ಯ ಬಂದಿದ್ದು ಅಲ್ಲಿಂದ.

ನನಗೆ ವಯಸ್ಸು 52. ಜಯನಗರದ ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಕುಣಿತ ಗೊತ್ತಿಲ್ಲ, ಬ್ಯಾಲೆಯಂತೂ ದೂರದ ಮಾತು. ನಡೆದರೆ ಬಟ್ಟೆಯೂ ಸ್ವಲ್ಪ ಹೊತ್ತು ಜೊತೆಗೆ ಅಲ್ಲಾಡುತ್ತದಲ್ಲ, ಅದು ಇಷ್ಟವಾಯಿತು, ಅಷ್ಟೆ.

ಮೊದಲು ಆನ್‌ಲೈನ್‌ನಲ್ಲಿ 699 ರೂಪಾಯಿಗೆ ಒಂದು ಟುಟು, ಅಂದರೆ ಬ್ಯಾಲೆ ನರ್ತಕಿಯರು ಉಡುವ ನೆಟ್ಟಿನ ಲಂಗ, ತರಿಸಿದೆ. ದುಡ್ಡು ದಂಡ. ಎಲಾಸ್ಟಿಕ್ಕಿಗೆ ನೆಟ್ ಪಟ್ಟಿಗಳನ್ನು ಗಂಟು ಹಾಕಿ ಕಳಿಸಿದ್ದರು, ಲೈನಿಂಗ್ ಇಲ್ಲ. ಕೂತರೆ ಪಟ್ಟಿಗಳೆಲ್ಲ ಪಕ್ಕಕ್ಕೆ ಜರುಗಿ, ಹಿಂದೆ ಒಂದು ಕಡೆ ಬರೀ ಎಲಾಸ್ಟಿಕ್ ಉಳಿಯುತ್ತಿತ್ತು.

ಆಮೇಲೆ ಹೋಗಿದ್ದು ನಮ್ಮ ಬೀದಿಯ ಟೈಲರ್ ಹತ್ತಿರ. ಹದಿನೈದು ವರ್ಷದಿಂದ ನನ್ನ ಬ್ಲೌಸ್ ಹೊಲಿಯುವವರು. ಕ್ಯಾನ್‌ಕ್ಯಾನ್ ತೋರಿಸಿ, ಇದೇ ತರ ಬಣ್ಣದ್ದು ಬೇಕು ಅಂದೆ.

"ಮೇಡಂ, ಇದು ಒಳಗಡೆ ಹಾಕೋದು."

"ಗೊತ್ತು ಮಾಸ್ಟರ್. ನಾನು ಹೊರಗಡೆ ಹಾಕ್ಕೊಳ್ತೀನಿ."

ಕತ್ತರಿ ಕೆಳಗಿಟ್ಟು ಒಂದು ಸಲ ನನ್ನನ್ನು, ಒಂದು ಸಲ ಕ್ಯಾನ್‌ಕ್ಯಾನನ್ನು ನೋಡಿದರು. "ಉದ್ದ ಎಷ್ಟಿಡಲಿ?" ಅಂದರು. ಈ ಟೈಲರ್‌ಗೆ ನಾನು ಕೊಡುವ ಮಾರ್ಕ್ಸಿನಲ್ಲಿ ಅರ್ಧ ಆ ಒಂದು ಪ್ರಶ್ನೆಗೆ.

ಫೋನಿನಲ್ಲಿ ಚಿತ್ರ ತೋರಿಸಿದೆ. ಟುಟು ಅಂದ ತಕ್ಷಣ ಕಣ್ಣಿಗೆ ಬರುವುದು ಸೊಂಟದ ಸುತ್ತ ತಟ್ಟೆ ಇಡ್ಲಿ ಹಾಗೆ ಅಡ್ಡಕ್ಕೆ ನಿಲ್ಲುತ್ತದಲ್ಲ, ಅದು. ಅದು ಆಮೇಲೆ ಬಂದದ್ದು. 1832ರಲ್ಲಿ ಪ್ಯಾರಿಸ್ಸಿನಲ್ಲಿ ಬ್ಯಾಲೆ ನರ್ತಕಿ ಮೇರಿ ಟಾಲಿಯೋನಿ ಉಟ್ಟು ಹೆಸರು ಮಾಡಿದ್ದು ಮೀನಖಂಡದವರೆಗೆ ಇಳಿಬೀಳುವ ಬಿಳಿ ಲಂಗ. ನಮ್ಮ ಮೋಟು ಲಂಗದ ದೂರದ ನೆಂಟ ಅಂತ ಬೇಕಾದರೆ ಅನ್ನಬಹುದು. ನನಗೆ ಬೇಕಾಗಿದ್ದು ಆ ಜಾತಿಯದು. ತಟ್ಟೆಯಂಥದ್ದು ಉಟ್ಟು ಬಸ್ಸು ಹತ್ತಲು ಆಗುತ್ತದಾ?

ಬಟ್ಟೆ ಚಿಕ್ಕಪೇಟೆಯಲ್ಲಿ ತಂದೆ. ಮೂರು ಪದರ, ಒಂದೊಂದಕ್ಕೆ 6 ಮೀಟರ್ ಸುತ್ತು, ಅಂದರೆ 18 ಮೀಟರ್ ಬೇಕು ಅಂದಿದ್ದರು ಮಾಸ್ಟರ್. ನೆಟ್ ಅಗಲ 60 ಇಂಚು, ನನ್ನ ಲಂಗದ ಉದ್ದ 27. ಉದ್ದಕ್ಕೆ ಸೀಳಿದರೆ ಎರಡು ಪಟ್ಟಿ ಬರುತ್ತದಲ್ಲ, 9 ಮೀಟರ್ ಸಾಕು. ಲೆಕ್ಕ ಬರೆಯುವವಳಿಗೆ ಅಷ್ಟಾದರೂ ಉಪಯೋಗ ಬೇಡವಾ? ಮೆತ್ತನೆ ನೆಟ್ 9 ಮೀಟರ್, 630 ರೂಪಾಯಿ. ಒಳಗೆ ಉಬ್ಬು ಕೊಡುವ ಗಟ್ಟಿ ನೆಟ್ 3 ಮೀಟರ್, 150. ಕಾಟನ್ ಲೈನಿಂಗ್ 200. ಹೊಲಿಗೆ 900. ಒಟ್ಟು 1,880. ಬಣ್ಣ ಕನಕಾಂಬರದ್ದು.

ಹತ್ತು ದಿನ ಅಂದವರು ಕೊಟ್ಟಿದ್ದು ಇಪ್ಪತ್ತಮೂರನೇ ದಿನ. ಎಲಾಸ್ಟಿಕ್ ಸಣ್ಣದು ಹಾಕಿದ್ದರು. ನಾಲ್ಕು ಪದರದ ನೆರಿಗೆಯ ಭಾರಕ್ಕೆ ಅದು ಹಗ್ಗದ ಹಾಗೆ ಸುರುಳಿಯಾಗಿ ಸೊಂಟ ಕೊರೆಯುತ್ತಿತ್ತು. ವಾಪಸ್ ಕೊಟ್ಟೆ. ಗೊಣಗದೆ ಎರಡಿಂಚಿನದು ಹಾಕಿಕೊಟ್ಟರು. ಒಂದು ಕೆಲಸ ಮಾತ್ರ ಹೇಳದೇ ಮಾಡಿದ್ದರು: ಗಟ್ಟಿ ನೆಟ್ಟಿನ ಅಂಚಿಗೆಲ್ಲ ಸ್ಯಾಟಿನ್ ಪಟ್ಟಿ ಕೊಟ್ಟು ಮಡಿಸಿ ಹೊಲಿದಿದ್ದರು. ಆರು ಮೀಟರ್ ಅಂಚು! ಮಗಳಿಗೆ ಚುಚ್ಚಿದ್ದು ನನಗೆ ಚುಚ್ಚಲಿಲ್ಲ.

ಇನ್ನು ಉಡುವ ವಿಷಯ. ಮೊದಲ ಪಾಠ ಕಲಿಸಿದ್ದು ಕಾಲುಂಗುರ. ಪ್ಯಾಂಟ್ ಹಾಕುವ ಹಾಗೆ ಕಾಲು ತೂರಿಸಿದೆ, ಉಂಗುರದ ತುದಿ ನೆಟ್ಟಿಗೆ ಸಿಕ್ಕಿತು. ಒಂಟಿ ಕಾಲಿನಲ್ಲಿ ಕುಂಟುತ್ತಾ ಮಂಚದ ಮೇಲೆ ಬಿದ್ದೆ. ಬಿಡಿಸಲು ನಮ್ಮನೆಯವರು ಕನ್ನಡಕ ಹುಡುಕಿಕೊಂಡು ಬರಬೇಕಾಯಿತು. ಈಗ ತಲೆಯ ಮೇಲಿಂದ ಹಾಕಿಕೊಳ್ಳುತ್ತೇನೆ. ಬಳೆ ಆಮೇಲೆ.

ಬಸ್ಸಿನಲ್ಲಿ ಮಡಿಸಿ ಕೂರಬೇಕು. ಮೊದಲ ದಿನ ಗೊತ್ತಾಗದೆ ಹಾಗೇ ಕೂತೆ. ಶಕ್ತಿ ಟಿಕೆಟ್ ಹರಿಯುತ್ತಾ ಕಂಡಕ್ಟರ್, "ಅಮ್ಮ, ಟಿಕೆಟ್ ಫ್ರೀ, ಎರಡು ಸೀಟ್ ಫ್ರೀ ಇಲ್ಲ" ಅಂದರು. ಬಸ್ಸಿಗೆ ಬಸ್ಸೇ ನಕ್ಕಿತು, ನಾನೂ ನಕ್ಕೆ. ಬೈಕಿನ ಹಿಂದೆ ಕೂರುವಾಗ ಸೀರೆ ಗಾರ್ಡ್ ಒಂದನ್ನೇ ನಂಬಬೇಡಿ. ಎಲ್ಲವನ್ನೂ ಒಂದು ಕಡೆಗೆ ಸೇರಿಸಿ, ಕೂದಲಿನ ರಬ್ಬರ್ ಬ್ಯಾಂಡ್ ಹಾಕಿ, ತೊಡೆ ಕೆಳಗೆ ಒತ್ತಿಕೊಂಡು ಕೂರುತ್ತೇನೆ. ಪಾರ್ಕಿಗೆ ಹೋದರೆ ಹುಲ್ಲಿನ ಬೀಜ, ಒಣ ಎಲೆ, ಎಲ್ಲ ಜೊತೆಗೇ ಮನೆಗೆ ಬರುತ್ತವೆ. ಮಳೆಗೆ ಮಾತ್ರ ಇದಕ್ಕಿಂತ ಒಳ್ಳೆ ಬಟ್ಟೆ ಇಲ್ಲ. ನಾಲ್ಕು ಸಲ ಕೊಡವಿದರೆ ನೆಟ್ಟಿನ ನೀರು ಹೋಯಿತು. ಒದ್ದೆ ಉಳಿಯುವುದು ಲೈನಿಂಗ್ ಒಂದೇ.

ಬೆಂಕಿಯ ವಿಷಯಕ್ಕೆ ತಮಾಷೆ ಬೇಡ. ಮಹಡಿ ಮನೆಯವರ ಸತ್ಯನಾರಾಯಣ ಪೂಜೆಗೆ ಇದನ್ನೇ ಉಟ್ಟು ಹೋಗಿದ್ದೆ. ಊದುಬತ್ತಿ ತಾಗಿದ್ದು ಗೊತ್ತೇ ಆಗಲಿಲ್ಲ. ಮನೆಗೆ ಬಂದು ನೋಡಿದರೆ ಬಟಾಣಿಯಷ್ಟು ತೂತು, ಸುತ್ತ ಸಾಸಿವೆ ಅಂಟಿಸಿದ ಹಾಗೆ ಗಟ್ಟಿ ಕಪ್ಪು ಮಣಿಗಳು. ಉರಿಯುವುದಕ್ಕೆ ಮೊದಲು ಕರಗುವ ಬಟ್ಟೆ ಇದು, ಚರ್ಮಕ್ಕೆ ತಾಗಿದರೆ ಅಂಟಿಕೊಳ್ಳುತ್ತದೆ. 1862ರಲ್ಲಿ ಪ್ಯಾರಿಸ್ಸಿನಲ್ಲಿ ಎಮ್ಮಾ ಲಿವ್ರಿ ಅನ್ನುವ ನರ್ತಕಿಯ ಲಂಗಕ್ಕೆ ತಾಲೀಮಿನ ವೇಳೆ ಗ್ಯಾಸ್ ದೀಪದ ಬೆಂಕಿ ತಾಗಿತು. ಬೆಂಕಿ ಬೇಗ ಹತ್ತದ ಹಾಗೆ ಮದ್ದಿನಲ್ಲಿ ಅದ್ದಿದ ಬಟ್ಟೆ ಆಗಲೇ ಬಂದಿತ್ತು. ಗಡುಸಾಗುತ್ತದೆ, ಮಾಸಲು ಕಾಣುತ್ತದೆ ಅಂತ ಆಕೆ ಬೇಡ ಅಂದಿದ್ದಳು. ಎಂಟು ತಿಂಗಳು ನರಳಿ ತೀರಿಕೊಂಡಳು, ಇನ್ನೂ ಇಪ್ಪತ್ತು ವರ್ಷ. ಅದನ್ನು ಓದಿದ ಮೇಲೆ ಅಡುಗೆಮನೆ ಬಾಗಿಲಲ್ಲಿ ಒಂದು ಮೊಳೆ ಹೊಡೆಸಿದ್ದೇನೆ. ಒಲೆ ಹಚ್ಚುವ ಮುಂಚೆ ಟುಟು ಆ ಮೊಳೆಗೆ.

ಒಗೆಯುವುದು ಬಕೆಟ್ಟಿನಲ್ಲಿ, ತಣ್ಣೀರು, ಒಂದು ಚಮಚ ಶಾಂಪೂ. ಮೆಷಿನ್ ಬೇಡ, ಇಸ್ತ್ರಿ ಬೇಡವೇ ಬೇಡ.

ಜನ ಏನಂತಾರೆ ಅಂತ ಕೇಳುತ್ತೀರಿ, ಅಲ್ವಾ? ಆಫೀಸಿನಲ್ಲಿ ಮೊದಲ ವಾರ ಎಲ್ಲರೂ ಜೆರಾಕ್ಸ್ ಮೆಷಿನ್ ಹತ್ತಿರ ಜಾಸ್ತಿ ಓಡಾಡಿದರು. ನನ್ನ ಮೇಜು ಅಲ್ಲೇ ಇರುವುದು. ಎರಡನೇ ವಾರ ಜಿಎಸ್‌ಟಿ ರಿಟರ್ನ್ ಕೊನೇ ದಿನ ಬಂತು, ಯಾರಿಗೂ ಪುರುಸೊತ್ತಿರಲಿಲ್ಲ. ಖಾದಿ ಜುಬ್ಬದ ಜೊತೆ, ಮಾಮೂಲಿ ಚಪ್ಪಲಿಯಲ್ಲಿ, ವಾರಕ್ಕೆ ಎರಡು ದಿನ ಉಡುತ್ತೇನೆ. ಅಮ್ಮನಿಗೆ ಕಿವಿ ಮಂದ. ಟುಟು ಅಂದರೆ ತುತ್ತು ಅಂತ ಕೇಳಿಸಿ, "ಊಟ ಆಯ್ತು ಕಣೇ" ಅಂದಳು. ಆಮೇಲೆ ಬಟ್ಟೆ ಹಿಡಿದು ನೋಡಿ, "ಒಳಲಂಗ ಚೆನ್ನಾಗಿದೆ, ಮೇಲೆ ಸೀರೆ ಯಾವಾಗ ಉಡ್ತೀಯಾ?" ಅಂತ ಕೇಳಿದಳು. ಈಗಲೂ ಪ್ರತಿ ಸಲ ಕೇಳುತ್ತಾಳೆ.

ಟೈಲರ್‌ಗೆ ಐದಕ್ಕೆ ನಾಲ್ಕು. ಕಳೆದ ಒಂದು ಆ ಹದಿಮೂರು ದಿನಕ್ಕೆ. ಊದುಬತ್ತಿ ತೂತಿನ ಮೇಲೆ ಅದೇ ನೆಟ್ಟಿನ ಚೂರಿನಿಂದ ಒಂದು ಹೂವು ಕೂರಿಸಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಕಡು ನೀಲಿ ಬಟ್ಟೆ ಕೊಟ್ಟಿದ್ದೇನೆ, ಈ ಸಲ ಲೈನಿಂಗಿಗೆ ಎರಡು ಜೇಬು ಇರಲಿ ಅಂದಿದ್ದೇನೆ. ಗೌರಿ ಹಬ್ಬದ ಬ್ಲೌಸ್‌ಗಳು ಮುಗಿಯಲಿ ಮೇಡಂ, ಆಮೇಲೆ ನಿಮ್ಮದು ಅಂದಿದ್ದಾರೆ.